ಕೇಳಿದ ಬೋಧನೆಯನ್ನು ಸತ್ಯವೇದದ ಮುಂದಿಟ್ಟು ಪರಿಶೋಧಿಸುವುದು ಹೇಗೆ: ಬೆಂಗಳೂರಿನ ಕನ್ನಡ ವಿಶ್ವಾಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಸಿ ಹೊರಬರುವಾಗ ಬೆಂಗಳೂರಿನ ಅನೇಕ ಕನ್ನಡ ಸಭೆಗಳ ಬಾಗಿಲಲ್ಲಿ ಒಂದು ತಟ್ಟೆಯ ತುಂಬ ವಾಗ್ದಾನದ ಕಾರ್ಡುಗಳನ್ನು ಇಟ್ಟಿರುತ್ತಾರೆ. ಒಬ್ಬೊಬ್ಬರೂ ಪ್ರಾರ್ಥಿಸಿ ಒಂದೊಂದನ್ನು ತೆಗೆದುಕೊಂಡು, ಅಂಗಳದ ಬೆಳಕಿನಲ್ಲಿ ಓದಿ, ಪರ್ಸಿನಲ್ಲೋ ಮೊಬೈಲಿನ ಕವರಿನ ಹಿಂದೆಯೋ ಇಟ್ಟುಕೊಂಡು ಹೊಸ ವರ್ಷಕ್ಕೆ ಕಾಲಿಡುತ್ತಾರೆ. ನನ್ನ ಸತ್ಯವೇದದೊಳಗೂ ಅಂಥ ಒಂದು ಕಾರ್ಡು ಬಹಳ ವರ್ಷಗಳಿಂದ ಇದೆ. ಅದರಲ್ಲಿರುವುದು ಯೆರೆಮೀಯ 29:11. ದೇವರು ತನ್ನ ಜನರ ವಿಷಯದಲ್ಲಿ ಮಾಡುವ ಆಲೋಚನೆಗಳು ಹಿತದವೇ ಹೊರತು ಕೇಡಿನವಲ್ಲ ಎಂಬ ವಚನ. ಕಾರ್ಡಿನ ಅಂಚು ಸವೆದು ಬಣ್ಣ ಮಾಸುವವರೆಗೂ ನಾನು ಆ ಒಂದು ವಚನವನ್ನಷ್ಟೇ ಓದುತ್ತಿದ್ದೆ, ಅದು ಇರುವ ಅಧ್ಯಾಯವನ್ನು ಪೂರ್ತಿ ಓದಿರಲಿಲ್ಲ. ಓದಿದ ದಿನ ತಿಳಿದುಬಂದದ್ದೇನೆಂದರೆ, ನಮಗೆ ಇಷ್ಟು ಪ್ರಿಯವಾದ ಆ ವಾಗ್ದಾನವು ಸುಳ್ಳು ಪ್ರವಾದಿಗಳ ಮಾತಿಗೆ ಮರುಳಾಗಬೇಡಿರೆಂದು ಎಚ್ಚರಿಸುವ ಪತ್ರವೊಂದರ ನಡುವೆ ಇದೆ.

ಲಿಂಗರಾಜಪುರದ ನಮ್ಮ ಮನೆಯಲ್ಲಿ ಪ್ರತಿ ಬುಧವಾರ ಸಂಜೆ ನಡೆಯುವ ಸತ್ಯವೇದ ಅಧ್ಯಯನದಲ್ಲಿ ನಾವು ಕಲಿತ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಈ ನಗರದಲ್ಲಿ ಕನ್ನಡ ವಿಶ್ವಾಸಿಯೊಬ್ಬರು ಭಾನುವಾರ ಕನ್ನಡದಲ್ಲಿ ಆರಾಧಿಸಿ, ಶುಕ್ರವಾರದ ಉಪವಾಸ ಕೂಟದಲ್ಲಿ ತಮಿಳು ಅಥವಾ ತೆಲುಗು ಪ್ರಸಂಗವನ್ನು ಅನುವಾದದ ಮೂಲಕ ಕೇಳಿ, ಬಸ್ಸಿನಲ್ಲಿ ಕುಳಿತಾಗ ಮೊಬೈಲಿನಲ್ಲಿ ಇಂಗ್ಲಿಷ್ ಬೋಧಕರನ್ನು ಕೇಳುವುದು ಸಾಮಾನ್ಯ. ಕ್ರಿಸ್ತನನ್ನು ಬಹಿರಂಗವಾಗಿ ಅಲ್ಲಗಳೆಯುವವರು ಇಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಕಡಿಮೆ. ನಿಜವಾದ ವಚನವನ್ನೇ ಅರ್ಧಕ್ಕೆ ಕತ್ತರಿಸಿ ಕೊಡುವವರಿಂದಲೇ ಹೆಚ್ಚು ಹಾನಿಯಾಗುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಅರ್ಧ ವಚನಗಳ ಬಗ್ಗೆಯೇ ಇದೆ.

ಮೊದಲನೆಯ ಹೆಜ್ಜೆ: ಮೂಲ ಸುವಾರ್ತೆಯನ್ನು ನಿಮ್ಮ ಮಾತಿನಲ್ಲಿ ಬರೆದಿಟ್ಟುಕೊಳ್ಳಿ

ನಗರ್ತಪೇಟೆಯ ಅಕ್ಕಸಾಲಿಗರು ಚಿನ್ನವನ್ನು ನೋಡಿದ ಮಾತ್ರಕ್ಕೆ ಬೆಲೆ ಹೇಳುವುದಿಲ್ಲ, ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಭದ್ರವಾಗಿ ಹಿಡಿದುಕೊಳ್ಳಿರೆಂದು ಪೌಲನು 1 ಥೆಸಲೋನಿಕ 5:21ರಲ್ಲಿ ಹೇಳುವಾಗ ಬಳಸಿದ ಗ್ರೀಕ್ ಪದವೂ ಲೋಹ ಮತ್ತು ನಾಣ್ಯಗಳ ಶುದ್ಧತೆಯನ್ನು ಪರೀಕ್ಷಿಸುವುದಕ್ಕೆ ಬಳಕೆಯಲ್ಲಿದ್ದ ಪದವೇ. ಕಲ್ಲೇ ಇಲ್ಲದವನು ಉಜ್ಜುವುದೆಲ್ಲಿ? ಹಾಗಾಗಿ ದುರ್ಬೋಧನೆಗಳ ಪಟ್ಟಿಯನ್ನು ಕಲಿಯುವುದಕ್ಕೆ ಮುಂಚೆ ಸ್ವಸ್ಥಬೋಧನೆಯನ್ನು ಕಲಿಯಬೇಕು.

ಒಂದು ನೋಟ್‌ಬುಕ್ ತೆಗೆದುಕೊಂಡು 1 ಕೊರಿಂಥ 15:1ರಿಂದ 8ರವರೆಗೆ ನಿಧಾನವಾಗಿ ಓದಿ. ಕ್ರಿಸ್ತನು ಶಾಸ್ತ್ರದ ಪ್ರಕಾರ ನಮ್ಮ ಪಾಪಗಳಿಗೋಸ್ಕರ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನದಲ್ಲಿ ಎದ್ದನು, ಕಂಡವರು ಇದ್ದಾರೆ ಎಂಬುದನ್ನು ತಾನು ಪಡೆದುಕೊಂಡದ್ದಾಗಿಯೂ ಹಾಗೆಯೇ ಒಪ್ಪಿಸಿಕೊಟ್ಟದ್ದಾಗಿಯೂ ಪೌಲನು ಅಲ್ಲಿ ಹೇಳುತ್ತಾನೆ. ಅದರ ಜೊತೆಗೆ ಎಫೆಸ 2:8–10 ಮತ್ತು ರೋಮ 3:21–26 ಓದಿ, ದೇವರು ಯಾರು, ಯೇಸು ಯಾರು, ಆತನು ಏನು ಮಾಡಿದನು, ರಕ್ಷಣೆ ನಮಗೆ ಹೇಗೆ ದೊರೆಯುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಒಂದು ಪುಟ ಮೀರದಂತೆ ನಿಮ್ಮದೇ ಮಾತಿನಲ್ಲಿ ಉತ್ತರ ಬರೆಯಿರಿ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಮ್ಮ ಹಳೆಯ ಸತ್ಯವೇದದಲ್ಲಿ ನೀತಿ, ನೀತಿವಂತ ಎಂಬ ಪದಗಳು ಬಂದಾಗ ಇಂದಿನ ಕನ್ನಡಿಗನ ಮನಸ್ಸಿಗೆ ಸದಾಚಾರವೋ ಸರ್ಕಾರದ ನೀತಿಯೋ ಹೊಳೆಯುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಾದರೋ ಅದು ದೇವರ ನ್ಯಾಯಾಸನದ ಮುಂದೆ ತಪ್ಪಿತಸ್ಥನಾದ ಮನುಷ್ಯನನ್ನು ಕ್ರಿಸ್ತನ ನಿಮಿತ್ತ ನಿರ್ದೋಷಿಯೆಂದು ಎಣಿಸುವುದನ್ನು ಹೇಳುತ್ತದೆ. ಈ ಒಂದು ಪದ ತಪ್ಪಾಗಿ ಅರ್ಥವಾದರೆ ಸುವಾರ್ತೆಯು ಒಳ್ಳೆಯವನಾಗು ಎಂಬ ಬುದ್ಧಿಮಾತಿಗೆ ಇಳಿದುಬಿಡುತ್ತದೆ.

ಅನಂತರ ಭಾನುವಾರ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣವನ್ನು ಸಾಲು ಸಾಲಾಗಿ ಬರೆದುಕೊಳ್ಳಿ. ಬಾಯಿಪಾಠವಾಗಿ ಹೋಗಿರುವ ಆ ಸಾಲುಗಳು ಸಭೆಯ ದೊಡ್ಡ ಹೋರಾಟಗಳಿಂದ ಬಂದವು. 144ರಲ್ಲಿ ರೋಮಾಪುರದ ಸಭೆಯು ಮಾರ್ಸಿಯನ್ ಎಂಬವನನ್ನು ಹೊರಹಾಕಿತು. ಹಳೇ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆ ಬೇರೆ ಎಂದು ಅವನು ಬೋಧಿಸುತ್ತಿದ್ದನು. ಅಲೆಕ್ಸಾಂಡ್ರಿಯದ ಸಭಾಹಿರಿಯನಾದ ಏರಿಯಸ್ ದೇವರ ಮಗನು ಸೃಷ್ಟಿಗಳಲ್ಲಿ ಮೊದಲನೆಯವನು, ಆತನು ಇಲ್ಲದ ಒಂದು ಕಾಲವಿತ್ತು ಎಂದಾಗ 325ರಲ್ಲಿ ನೈಸಿಯದ ಮಹಾಸಭೆಯು ಮಗನು ತಂದೆಯೊಂದಿಗೆ ಒಂದೇ ತತ್ತ್ವವುಳ್ಳವನೆಂದು ಅರಿಕೆ ಮಾಡಿತು. ಕ್ರಿಸ್ತನು ನಿಜವಾಗಿ ದೇವರೂ ನಿಜವಾಗಿ ಮನುಷ್ಯನೂ ಆಗಿದ್ದಾನೆಂಬುದನ್ನು 451ರ ಕ್ಯಾಲ್ಸಿಡನ್ ಮಹಾಸಭೆಯು ಎಚ್ಚರದ ಮಾತುಗಳಲ್ಲಿ ಬರೆದಿಟ್ಟಿತು. ಏರಿಯಸನು ತನ್ನ ಬೋಧನೆಯನ್ನು ಪದ್ಯಕ್ಕೆ ಅಳವಡಿಸಿ ಹರಡಿದ್ದನೆಂಬುದನ್ನು ನಮ್ಮ ಗಾಯನ ತಂಡದವರು ನೆನಪಿಡಬೇಕೆಂದು ಬಯಸುತ್ತೇನೆ. ಪ್ರಸಂಗವನ್ನು ಜನರು ಮರೆಯಬಹುದು, ಹಾಡನ್ನು ಪಾತ್ರೆ ತೊಳೆಯುವಾಗಲೂ ಗುನುಗುತ್ತಾರೆ. ಹಾಡಿನ ಸಾಹಿತ್ಯವನ್ನೂ ಇದೇ ಕಲ್ಲಿಗೆ ಉಜ್ಜಬೇಕು.

ಎರಡನೆಯ ಹೆಜ್ಜೆ: ಹೇಳಿದ್ದೇನು ಎಂಬುದನ್ನು ಸರಿಯಾಗಿ ದಾಖಲಿಸಿ

ತಪ್ಪಾಗಿ ಕೇಳಿಸಿಕೊಂಡು ಒಬ್ಬ ದೇವಸೇವಕರ ಮೇಲೆ ಸುಳ್ಳು ಬೋಧಕರೆಂಬ ಹೆಸರು ಹೊರಿಸುವುದು ಸುಳ್ಳು ಸಾಕ್ಷಿಯೇ ಆಗುತ್ತದೆ. ಆದ್ದರಿಂದ ಪ್ರಸಂಗ ಕೇಳುವಾಗ ದಿನಾಂಕ, ಬೋಧಕರ ಹೆಸರು, ಓದಿದ ವಚನಭಾಗ ಮತ್ತು ಅದರಿಂದ ಅವರು ತೆಗೆದ ಮುಖ್ಯ ಮಾತು ಇವಿಷ್ಟನ್ನು ಬರೆದುಕೊಳ್ಳಿ. ಪುಟದ ನಡುವೆ ಒಂದು ಗೆರೆ ಎಳೆದು, ಎಡಗಡೆ ವಚನ ಹೇಳುವುದನ್ನೂ ಬಲಗಡೆ ಬೋಧಕರು ಹೇಳಿದ್ದನ್ನೂ ಬರೆದರೆ ಸಾಕು; ಎರಡರ ನಡುವೆ ಅಂತರವಿದ್ದರೆ ಕಣ್ಣಿಗೇ ಕಾಣುತ್ತದೆ.

ಪ್ರಸಂಗವನ್ನು ಅನುವಾದದಲ್ಲಿ ಕೇಳಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ವೇದಿಕೆಯ ಮೇಲೆ ಪಕ್ಕದಲ್ಲಿ ನಿಂತು ಒಂದೇ ಉಸಿರಿನಲ್ಲಿ ಕನ್ನಡಕ್ಕೆ ತಿರುಗಿಸುವ ಸಹೋದರರು ದೊಡ್ಡ ಸೇವೆ ಮಾಡುತ್ತಿದ್ದಾರೆ, ಆದರೆ ಆ ವೇಗದಲ್ಲಿ ಆಗಬಹುದು ಎಂಬುದು ಆಗುತ್ತದೆ ಎಂದಾಗುವುದನ್ನೂ, ಕೆಲವರಿಗೆ ಎಂಬುದು ಎಲ್ಲರಿಗೂ ಎಂದಾಗುವುದನ್ನೂ ನಾನೇ ಕೇಳಿದ್ದೇನೆ. ಹಾಗೆಯೇ ಮೊಬೈಲಿಗೆ ಬರುವ ತುಣುಕು ವಿಡಿಯೊವನ್ನು ನೋಡಿ ತೀರ್ಮಾನಿಸದೆ, ಪೂರ್ಣ ಪ್ರಸಂಗವನ್ನು ಹುಡುಕಿ ಆ ತುಣುಕಿಗೆ ಮೊದಲಿನ ಮತ್ತು ನಂತರದ ಹತ್ತು ನಿಮಿಷಗಳನ್ನಾದರೂ ಕೇಳಬೇಕು.

ಯಾರು ಬರೆದರೆಂದೇ ತಿಳಿಯದ ವಾಟ್ಸ್ಆ್ಯಪ್ ಸಂದೇಶಗಳ ಕಾಟ ಹೊಸದೇನಲ್ಲ. ಕರ್ತನ ದಿನವು ಬಂದೇಬಿಟ್ಟಿದೆ ಎಂದು ಪೌಲನ ಹೆಸರಿನಲ್ಲಿ ಬಂದ ಪತ್ರದಿಂದ ಕಳವಳಗೊಳ್ಳಬೇಡಿರೆಂದು 2 ಥೆಸಲೋನಿಕ 2:2 ಹೇಳುತ್ತದೆ. ಅದೇ ಪತ್ರದ ಕೊನೆಯಲ್ಲಿ, 3:17ರಲ್ಲಿ, ಇದು ನನ್ನ ಸ್ವಂತ ಕೈಬರಹ, ನನ್ನ ಪ್ರತಿಯೊಂದು ಪತ್ರದ ಗುರುತು ಇದೇ ಎಂದು ಪೌಲನು ತಿಳಿಸುತ್ತಾನೆ. ಬರೆದವರು ಯಾರೆಂದು ತಿಳಿಯದ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.

ಮೂರನೆಯ ಹೆಜ್ಜೆ: ವಚನವನ್ನು ಅದರ ಅಧ್ಯಾಯದೊಳಗೆ ಓದಿ

ಇದೊಂದು ಹೆಜ್ಜೆಯನ್ನು ಚೆನ್ನಾಗಿ ಕಲಿತವರಿಗೆ ಉಳಿದವುಗಳಲ್ಲಿ ಅರ್ಧ ತಾನಾಗಿಯೇ ಬರುತ್ತದೆ. ಬೆರೋಯವೆಂಬ ಊರಿನವರು ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ಪ್ರತಿದಿನವೂ ಶಾಸ್ತ್ರಗಳನ್ನು ಶೋಧಿಸಿದರೆಂದು ಅಪೊಸ್ತಲರ ಕೃತ್ಯಗಳು 17:11ರಲ್ಲಿದೆ. ಅಪೊಸ್ತಲನನ್ನೇ ಪರೀಕ್ಷಿಸಿದ್ದಕ್ಕೆ ಅವರನ್ನು ಯಾರೂ ಗದರಿಸಲಿಲ್ಲ, ಹೊಗಳಿದ್ದಾರೆ. ಕೇಳಿದ ವಚನವನ್ನು ಮನೆಗೆ ಒಯ್ದು, ಅದರ ಹಿಂದಿನ ಅಧ್ಯಾಯ, ಆ ಅಧ್ಯಾಯ ಮತ್ತು ಮುಂದಿನ ಅಧ್ಯಾಯ ಈ ಮೂರನ್ನೂ ಗಟ್ಟಿಯಾಗಿ ಓದಿ. ಓದುವಾಗ ಈ ಮಾತನ್ನು ಯಾರು ಯಾರಿಗೆ ಹೇಳಿದರು, ಯಾವ ಪರಿಸ್ಥಿತಿಯಲ್ಲಿ ಹೇಳಿದರು, ಈ ವಚನ ಯಾವ ಮಾತಿಗೆ ಉತ್ತರವಾಗಿ ಬಂದಿದೆ ಎಂದು ಕೇಳಿಕೊಳ್ಳಿ. ಹಳೆಯ ಸತ್ಯವೇದದ ಭಾಷೆ ಕಷ್ಟವೆನಿಸಿದರೆ ಪಕ್ಕದಲ್ಲಿ ಸರಳ ಕನ್ನಡದ ಅನುವಾದವೊಂದನ್ನು ಇಟ್ಟುಕೊಳ್ಳಿ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರಿಗೆ ನೆರವಾದವರು ಪಟ್ಟ ಶ್ರಮದಿಂದ ಮೊದಲುಗೊಂಡು ದೇವರ ವಾಕ್ಯ ನಮ್ಮ ಭಾಷೆಯಲ್ಲಿ ನಮ್ಮ ಕೈಗೆ ಬಂದಿದೆ. ಇಂದು ಮಹಾತ್ಮ ಗಾಂಧಿ ರಸ್ತೆಯ ಬೈಬಲ್ ಸೊಸೈಟಿಗೆ ಹೋದರೆ ಬೇಕಾದ ಪ್ರತಿ ದೊರೆಯುತ್ತದೆ.

ಈಗ ನನ್ನ ಕಾರ್ಡಿನ ವಚನವನ್ನೇ ಹೀಗೆ ಓದೋಣ. ಯೆರೆಮೀಯ 28ರಲ್ಲಿ ಹನನ್ಯನೆಂಬ ಪ್ರವಾದಿ ಯೆಹೋವನ ಆಲಯದಲ್ಲಿ ಯಾಜಕರ ಮತ್ತು ಎಲ್ಲಾ ಜನರ ಮುಂದೆ ನಿಂತು, ಬಾಬೆಲಿನ ಅರಸನು ಒಯ್ದ ಪಾತ್ರೆಗಳೂ ಸೆರೆಯಾದ ಜನರೂ ಎರಡೇ ವರ್ಷಗಳಲ್ಲಿ ಹಿಂದಿರುಗುವರೆಂದು ಯೆಹೋವನ ಹೆಸರಿನಲ್ಲಿಯೇ ಸಾರುತ್ತಾನೆ. ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಎಲ್ಲರೆದುರಿಗೆ ಮುರಿದುಹಾಕುತ್ತಾನೆ. ಅಂದು ಅಲ್ಲಿ ನಾವಿದ್ದಿದ್ದರೆ ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದದ್ದು ಹನನ್ಯನ ಮಾತಿಗೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅವನದು ಕೇಳಲು ಹಿತವಾದ, ಬೇಗನೆ ನೆರವೇರುವ, ಯಾರಿಂದಲೂ ಮಾನಸಾಂತರವನ್ನು ಕೇಳದ ಮಾತು. ಅದೇ ವರ್ಷದ ಏಳನೆಯ ತಿಂಗಳಲ್ಲಿ ಹನನ್ಯನು ಸತ್ತನು. 29ನೆಯ ಅಧ್ಯಾಯದಲ್ಲಿ ಯೆರೆಮೀಯನು ಕ್ರಿಸ್ತಪೂರ್ವ 597ರಲ್ಲಿ ಸೆರೆಹೋದವರಿಗೆ ಪತ್ರ ಬರೆದು, ಮನೆಗಳನ್ನು ಕಟ್ಟಿರಿ, ತೋಟಗಳನ್ನು ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತಾನೆ. ನಿಮ್ಮ ಮಧ್ಯದಲ್ಲಿರುವ ಪ್ರವಾದಿಗಳಿಗೆ ಮೋಸಹೋಗಬೇಡಿರಿ, ನಾನು ಅವರನ್ನು ಕಳುಹಿಸಲಿಲ್ಲ ಎಂಬ ದೇವರ ಮಾತನ್ನು 8 ಮತ್ತು 9ನೆಯ ವಚನಗಳಲ್ಲಿ ತಿಳಿಸುತ್ತಾನೆ. 10ನೆಯ ವಚನದಲ್ಲಿ ಹಿಂದಿರುಗುವುದು ಎಪ್ಪತ್ತು ವರ್ಷಗಳಾದ ಮೇಲೆಯೇ ಎಂದು ಲೆಕ್ಕ ಕೊಟ್ಟು, ಅದರ ಬೆನ್ನಿಗೇ 11ನೆಯ ವಚನವನ್ನು ಬರೆಯುತ್ತಾನೆ. ಕಾರ್ಡಿನ ಮೇಲೆ ಎಪ್ಪತ್ತು ವರ್ಷಗಳನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಇಷ್ಟು ತಿಳಿದ ಮೇಲೆ ಆ ವಾಗ್ದಾನ ನನಗೆ ಕಡಿಮೆಯಾಗಲಿಲ್ಲ. ಕೆಲಸ ಕಳೆದುಕೊಂಡು ಕಾದ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಪ್ಪತ್ತು ವರ್ಷಗಳ ಪಕ್ಕದಲ್ಲಿರುವ ಆ ವಾಗ್ದಾನವೇ.

ಇದೇ ಕ್ರಮದಲ್ಲಿ ಫಿಲಿಪ್ಪಿ 4:13ನ್ನು ಓದಿದರೆ, ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಮಾತು ಪ್ರಮೋಷನ್ ಸಿಗುವುದರ ಬಗ್ಗೆ ಅಲ್ಲ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಸಂತೃಪ್ತನಾಗಿರುವುದನ್ನು ಬೇಡಿಯಲ್ಲಿದ್ದ ಮನುಷ್ಯನೊಬ್ಬನು ಕಲಿತದ್ದರ ಬಗ್ಗೆ ಎಂದು ತಿಳಿಯುತ್ತದೆ. 3 ಯೋಹಾನ 2ನೆಯ ವಚನ ಗಾಯನೆಂಬ ಸ್ನೇಹಿತನಿಗೆ ಪತ್ರದ ಮೊದಲಲ್ಲಿ ಕ್ಷೇಮ ಕೋರುವ ಮಾತೇ ಹೊರತು ಎಲ್ಲ ವಿಶ್ವಾಸಿಗಳಿಗೂ ಐಶ್ವರ್ಯದ ಒಪ್ಪಂದವಲ್ಲ. ವಚನವನ್ನು ಅರ್ಧಕ್ಕೆ ನಿಲ್ಲಿಸುವ ಕಲೆ ಎಷ್ಟು ಹಳೆಯದೆಂದರೆ, ಮತ್ತಾಯ 4:6ರಲ್ಲಿ ಸೈತಾನನು 91ನೆಯ ಕೀರ್ತನೆಯನ್ನು ಹೇಳುವಾಗ ನಿನ್ನ ಎಲ್ಲಾ ಮಾರ್ಗಗಳಲ್ಲಿ ಕಾಯುವರೆಂಬ ಭಾಗವನ್ನು ಬಿಟ್ಟುಬಿಡುತ್ತಾನೆ.

ನಾಲ್ಕನೆಯ ಹೆಜ್ಜೆ: ಒಂದು ವಚನದ ಪಕ್ಕದಲ್ಲಿ ಇಡೀ ಸತ್ಯವೇದವನ್ನು ಇಡಿ

ಈ ಹೆಜ್ಜೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಚಿಕ್ಕಮ್ಮನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಒಂದು ಉಪವಾಸ ಕೂಟದಲ್ಲಿ ಬೋಧಕರೊಬ್ಬರು ಯೆಶಾಯ 53:5ನ್ನು ಓದಿ, ಆತನ ಬಾಸುಂಡೆಗಳಿಂದ ಗುಣ ಆಗಿಯೇ ಹೋಗಿದೆ, ಇನ್ನೂ ಮಾತ್ರೆ ನುಂಗುವುದು ಶಿಲುಬೆಯ ಮೇಲಿನ ಅವಿಶ್ವಾಸ ಎಂದರಂತೆ. ಚಿಕ್ಕಮ್ಮ ಮನೆಗೆ ಬಂದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ನಾವು ಕೇಳಿದಾಗಲೆಲ್ಲ ತೆಗೆದುಕೊಂಡೆ ಎನ್ನುತ್ತಿದ್ದರು. ಕಾಲಿನ ಗಾಯ ಕಪ್ಪಾಗಿ ವಾಸನೆ ಬಂದ ಮೇಲೆ ಆಸ್ಪತ್ರೆಗೆ ಸೇರಿಸಿದೆವು, ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅವರ ಬಟ್ಟೆ ತರಲು ಮನೆಗೆ ಹೋದಾಗ ಬೀರುವಿನಲ್ಲಿ ಸೀರೆಗಳ ಕೆಳಗೆ ಒಡೆಯದ ಮಾತ್ರೆಯ ಹಾಳೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದು ಸಿಕ್ಕಿತು. ಆಸ್ಪತ್ರೆಯ ಮಂಚದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ವಿಶ್ವಾಸ ಸಾಲದೆ ಹೋಯಿತೇನಪ್ಪ?"

ಯೆಶಾಯ 53:5 ಸತ್ಯ. ದೇವರು ಇಂದಿಗೂ ಗುಣಪಡಿಸುತ್ತಾನೆಂಬುದೂ ಸತ್ಯ. ಅದಕ್ಕಾಗಿ ನಾವು ಪ್ರತಿ ಬುಧವಾರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಆದರೆ 1 ಪೇತ್ರ 2:24 ಅದೇ ಮಾತನ್ನು ಎತ್ತಿಕೊಂಡು ಪಾಪದಿಂದ ಬಿಡುಗಡೆಯಾಗಿ ನೀತಿಗಾಗಿ ಬದುಕುವುದಕ್ಕೆ ಅನ್ವಯಿಸುತ್ತದೆ. ದೇಹದ ಸಂಪೂರ್ಣ ಬಿಡುಗಡೆಗಾಗಿ ನಾವು ಇನ್ನೂ ನರಳುತ್ತಾ ಕಾದಿದ್ದೇವೆಂದು ರೋಮ 8:23 ಹೇಳುತ್ತದೆ. ಪೌಲನ ಮೈಗೆ ತಗಲಿದ ಕರವಸ್ತ್ರಗಳಿಂದ ರೋಗಿಗಳು ಗುಣವಾದರೆಂದು ಅಪೊಸ್ತಲರ ಕೃತ್ಯಗಳು 19:12ರಲ್ಲಿ ಓದುತ್ತೇವೆ. ಅದೇ ಪೌಲನು ತನ್ನ ಶರೀರದಲ್ಲಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡಾಗ ದೊರೆತ ಉತ್ತರ ನನ್ನ ಕೃಪೆಯೇ ನಿನಗೆ ಸಾಕು ಎಂಬುದು. ತಿಮೊಥೆಯನ ಹೊಟ್ಟೆಯ ಬೇನೆಗೆ ಸ್ವಲ್ಪ ದ್ರಾಕ್ಷಾರಸವನ್ನು ಸೇವಿಸೆಂದು ಬರೆಯುವವನೂ (1 ತಿಮೊಥೆಯ 5:23), ವೈದ್ಯನಾದ ಲೂಕನನ್ನು ಪ್ರಿಯನೆಂದು ಕರೆಯುವವನೂ (ಕೊಲೊಸ್ಸೆ 4:14) ಅವನೇ. ಹೀಗೆ ಒಂದು ವಿಷಯದ ಬಗ್ಗೆ ಸತ್ಯವೇದದಲ್ಲಿರುವ ಎಲ್ಲ ವಚನಗಳನ್ನು, ಮುಖ್ಯವಾಗಿ ಆ ಬೋಧನೆಗೆ ಅಡ್ಡ ಬರುವ ವಚನಗಳನ್ನು, ಒಂದೇ ಪುಟದಲ್ಲಿ ಬರೆದು ನೋಡಬೇಕು. ಅಡ್ಡ ಬರುವ ವಚನಗಳನ್ನು ತಾವಾಗಿಯೇ ಸಭೆಯ ಮುಂದಿಟ್ಟು ವಿವರಿಸುವ ಬೋಧಕರು ನಂಬಿಕೆಗೆ ಅರ್ಹರು.

ಅಭಿಷೇಕವೆಂಬ ಮಾತನ್ನೂ ಹೀಗೆಯೇ ನೋಡಬೇಕಾಗಿದೆ. ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರೆಂಬ ಕೀರ್ತನೆ 105:15ನ್ನು ಹೇಳಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವುದುಂಟು. ಆ ಕೀರ್ತನೆಯಲ್ಲಿ ದೇವರು ಅನ್ಯದೇಶದ ಅರಸರನ್ನು ಗದರಿಸಿ, ಊರಿಂದೂರಿಗೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬೇಡಿರೆನ್ನುತ್ತಾನೆ. ಹೊಸ ಒಡಂಬಡಿಕೆಯಲ್ಲಾದರೋ 1 ಯೋಹಾನ 2:20ರ ಪ್ರಕಾರ ಅಭಿಷೇಕ ಹೊಂದಿದವರು ಎಲ್ಲ ವಿಶ್ವಾಸಿಗಳು, ಮೈಕು ಹಿಡಿದವರೊಬ್ಬರೇ ಅಲ್ಲ. ಗಲಾತ್ಯ 2:11ರಲ್ಲಿ ಪೌಲನು ಪೇತ್ರನನ್ನೇ ಮುಖಾಮುಖಿಯಾಗಿ ಎದುರಿಸಿದನು.

ಐದನೆಯ ಹೆಜ್ಜೆ: ಭಿನ್ನಾಭಿಪ್ರಾಯದ ತೂಕವನ್ನು ಅಳೆಯಿರಿ

ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮಿಷನ್ನಿನದು, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು, ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಆಂಗ್ಲಿಕನರದು. ಸಭಾಡಳಿತದ ವಿಷಯದಲ್ಲಿ ಇವರ ಅಭಿಪ್ರಾಯಗಳು ಬೇರೆ ಬೇರೆಯಾಗಿದ್ದವು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾಗಿ ಒಂದುಗೂಡಿದ್ದು ಇಂಥ ಪರಂಪರೆಗಳೇ, ಇಂದು ಈ ಮೂರೂ ಒಂದೇ ಸಭಾಪ್ರಾಂತ್ಯದಲ್ಲಿವೆ. ಅವರು ವ್ಯತ್ಯಾಸಗಳನ್ನು ಇಲ್ಲವೆನ್ನಲಿಲ್ಲ, ತೂಕ ಹಾಕಿದರು.

ನಮಗೂ ಆ ತಕ್ಕಡಿ ಬೇಕು. ತ್ರಯೇಕ ದೇವರು, ಕ್ರಿಸ್ತನ ದೈವತ್ವ ಮತ್ತು ಮನುಷ್ಯತ್ವ, ಶಿಲುಬೆ, ಪುನರುತ್ಥಾನ, ಕೃಪೆಯಿಂದ ನಂಬಿಕೆಯ ಮೂಲಕ ರಕ್ಷಣೆ ಇವುಗಳನ್ನು ಬದಲಾಯಿಸಿದರೆ ಗಲಾತ್ಯ 1:8 ಹೇಳುವ ಬೇರೆ ಸುವಾರ್ತೆಯಾಗುತ್ತದೆ; ಪರಲೋಕದಿಂದ ಬಂದ ದೂತನು ಹೇಳಿದರೂ ಅದನ್ನು ಒಪ್ಪಬಾರದು. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ, ನೀರಿನಲ್ಲಿ ಮುಳುಗಿಸಬೇಕೇ, ಅನ್ಯಭಾಷೆಗಳ ವರ ಇಂದಿಗೂ ಇದೆಯೇ, ಸಭೆಯನ್ನು ಬಿಷಪರು ನಡೆಸಬೇಕೇ ಹಿರಿಯರು ನಡೆಸಬೇಕೇ ಎಂಬವು ಗಂಭೀರವಾದ ಪ್ರಶ್ನೆಗಳೇ, ಆದರೆ ಇವುಗಳಲ್ಲಿ ನಮ್ಮಿಂದ ಭಿನ್ನರಾದವರನ್ನು ಸುಳ್ಳು ಬೋಧಕರೆಂದು ಕರೆಯುವುದು ಪಾಪ. ಬಿಳಿ ಸೀರೆ ಉಡುವುದು, ಒಡವೆ ತೊಡದಿರುವುದು, ಚಪ್ಪಾಳೆ ತಟ್ಟಿ ಹಾಡುವುದು, ಆಹಾರ ಮತ್ತು ದಿನಗಳ ಆಚರಣೆ ಇವೆಲ್ಲ ಒಬ್ಬರ ಮೇಲೊಬ್ಬರು ತೀರ್ಪು ಮಾಡಬಾರದೆಂದು ಹೇಳುವ ರೋಮ 14ನೆಯ ಅಧ್ಯಾಯಕ್ಕೆ ಸೇರಿದವು. ಇವುಗಳಿಂದಲೇ ರಕ್ಷಣೆಯೆಂದು ಯಾರಾದರೂ ಬೋಧಿಸಿದ ಕ್ಷಣ ಮಾತ್ರ ಅವು ಮೊದಲನೆಯ ಗುಂಪಿಗೆ ಸೇರಿಬಿಡುತ್ತವೆ.

ಆರನೆಯ ಹೆಜ್ಜೆ: ಬೋಧಕರ ಬದುಕನ್ನೂ ಹಣದ ದಾರಿಯನ್ನೂ ನೋಡಿ

ಅವರ ಫಲಗಳಿಂದ ಅವರನ್ನು ತಿಳಿದುಕೊಳ್ಳುವಿರೆಂದು ಕರ್ತನು ಮತ್ತಾಯ 7ರಲ್ಲಿ ಹೇಳಿದನು. ಅದೇ ಅಧ್ಯಾಯದ 22 ಮತ್ತು 23ನೆಯ ವಚನಗಳಲ್ಲಿ ಆತನ ಹೆಸರಿನಲ್ಲಿ ಪ್ರವಾದನೆ ಹೇಳಿ, ದೆವ್ವ ಬಿಡಿಸಿ, ಮಹತ್ಕಾರ್ಯ ಮಾಡಿದವರನ್ನೇ ಆತನು ಗುರುತಿಲ್ಲವೆನ್ನುತ್ತಾನೆ. ಆದ್ದರಿಂದ ಫಲವೆಂದರೆ ಜನಸಂದಣಿಯೋ ಅದ್ಭುತಗಳೋ ಅಲ್ಲ. ಹೇಳಿದ ಸೂಚಕಕಾರ್ಯ ನಡೆದೇ ಹೋದರೂ ಆ ಪ್ರವಾದಿಯು ಬೇರೆ ದೇವರುಗಳ ಕಡೆಗೆ ಕರೆದರೆ ಕಿವಿಗೊಡಬೇಡಿರೆಂದು ಧರ್ಮೋಪದೇಶಕಾಂಡ 13:1–3 ಆಗಲೇ ಎಚ್ಚರಿಸಿದೆ.

ಹಣದ ವಿಷಯವನ್ನು ಮುಚ್ಚುಮರೆಯಿಲ್ಲದೆ ಕೇಳಿ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಕಾಣಿಕೆಯನ್ನು ಪೌಲನು ಒಬ್ಬನೇ ಒಯ್ಯಲಿಲ್ಲ; ಯಾರೂ ತಪ್ಪು ಹೊರಿಸದಂತೆ ಸಭೆಗಳಿಂದ ನೇಮಕವಾದ ಸಹೋದರರನ್ನು ಜೊತೆಗೆ ಸೇರಿಸಿಕೊಂಡನು (2 ಕೊರಿಂಥ 8:18–21). ಕಾಣಿಕೆಯ ಲೆಕ್ಕವನ್ನು ಯಾರು ನೋಡುತ್ತಾರೆ, ವರ್ಷಕ್ಕೊಮ್ಮೆ ಸಭೆಯ ಮುಂದೆ ಓದುತ್ತಾರೆಯೇ, ಪರದೆಯ ಮೇಲಿನ ಕ್ಯೂಆರ್ ಕೋಡ್ ಸಭೆಯ ಖಾತೆಯದೋ ಒಬ್ಬ ವ್ಯಕ್ತಿಯದೋ ಎಂಬುದನ್ನು ತಿಳಿದುಕೊಳ್ಳಿ. ಬಿತ್ತನೆಯ ಕಾಣಿಕೆಯಾಗಿ ಇಷ್ಟು ಸಾವಿರ ಹಾಕಿದರೆ ಸಾಲ ತೀರುತ್ತದೆ, ವೀಸಾ ಬರುತ್ತದೆ ಎಂದು ಕೂಟದಲ್ಲಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೃಪೆಗೆ ದರಪಟ್ಟಿ ಇಲ್ಲ. ಕೊಡುವುದು ಬಲವಂತದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿದಂತೆ ಸಂತೋಷದಿಂದ ಎಂದು 2 ಕೊರಿಂಥ 9:7 ತಿಳಿಸುತ್ತದೆ. ಹಣದ ವಂಚನೆಯಾಗಲಿ, ಹೆಂಗಸರ ಅಥವಾ ಮಕ್ಕಳ ಮೇಲೆ ದೌರ್ಜನ್ಯವಾಗಲಿ ನಡೆದಿದ್ದರೆ ಅದು ಬೋಧನೆಯ ಚರ್ಚೆಯಲ್ಲ. ಪೊಲೀಸ್ ಠಾಣೆಗೆ ಹೋಗಬೇಕಾದ ಅಪರಾಧ, ಸಭೆಯ ಮರ್ಯಾದೆಯ ಹೆಸರಿನಲ್ಲಿ ಅದನ್ನು ಮುಚ್ಚಬಾರದು.

ಏಳನೆಯ ಹೆಜ್ಜೆ: ವೈಯಕ್ತಿಕ ಪ್ರವಾದನೆಗಳನ್ನೂ ದಿನಾಂಕಗಳನ್ನೂ ಬರೆದಿಡಿ

ಇದು ಸುಲಭ. ನಿಮಗೆ ಯಾರಾದರೂ ಪ್ರವಾದನೆ ಹೇಳಿದರೆ ಹೇಳಿದ ಮಾತನ್ನೂ ದಿನಾಂಕವನ್ನೂ ಬರೆದು, ನೆರವೇರದ ಮಾತು ಯೆಹೋವನದಲ್ಲ ಎನ್ನುವ ಧರ್ಮೋಪದೇಶಕಾಂಡ 18:22ನ್ನು ಅದರ ಕೆಳಗೆ ಬರೆಯಿರಿ. ಒಂದು ದೊಡ್ಡ ಬದಲಾವಣೆ ಬರಲಿದೆ, ಹತ್ತಿರದವರೊಬ್ಬರು ನಿಮಗೆ ವಿರೋಧವಾಗಿದ್ದಾರೆ ಎಂಬಂಥ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತುಗಳಿಂದ ಎಷ್ಟೋ ಅತ್ತೆ ಸೊಸೆಯರು ಸಂಬಂಧ ಮುರಿದುಕೊಂಡಿದ್ದಾರೆ. ಮದುವೆ, ಮನೆ ಮಾರಾಟ, ಕೆಲಸ ಬಿಡುವುದು ಇಂಥವುಗಳನ್ನು ಒಬ್ಬರ ಪ್ರವಾದನೆಯ ಮೇಲೆ ಎಂದೂ ನಿರ್ಧರಿಸಬೇಡಿ. ಕರ್ತನ ಬರೋಣದ ದಿನಾಂಕ ಹೇಳುವವರ ಮಾತನ್ನು ಪರಿಶೋಧಿಸುವ ಅಗತ್ಯವೂ ಇಲ್ಲ, ಆ ದಿನ ಯಾರಿಗೂ ತಿಳಿಯದೆಂದು ಹೇಳಿ ಮತ್ತಾಯ 24:36 ಆ ಬಾಗಿಲನ್ನೇ ಮುಚ್ಚಿದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಲೆಕ್ಕಾಚಾರವನ್ನು ನಂಬಿದವರು 1844ರ ಅಕ್ಟೋಬರ್ 22ರಂದು ಕಾದು ಕುಳಿತು ಎದೆಯೊಡೆದುಕೊಂಡರು. ಅಲ್ಲಿನ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಹೇಳಿದ 2011ರ ಮೇ 21 ಕೂಡ ಎಲ್ಲ ದಿನಗಳಂತೆ ಕಳೆದುಹೋಯಿತು.

ಎಂಟನೆಯ ಹೆಜ್ಜೆ: ಮೊದಲು ಏಕಾಂತದಲ್ಲಿ ಕೇಳಿ

ಆದಿಸಭೆಯ ಬೋಧಕನಾದ ಅಪೊಲ್ಲೋಸನು ವಾಕ್ಚಾತುರ್ಯವುಳ್ಳವನು, ಆದರೆ ಅವನಿಗೆ ತಿಳಿದದ್ದು ಅಪೂರ್ಣವಾಗಿತ್ತು. ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಗಳು ಸಭಾಮಂದಿರದಲ್ಲಿ ಎದ್ದು ನಿಂತು ಅವನನ್ನು ತಡೆಯಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಪೂರ್ಣವಾಗಿ ವಿವರಿಸಿದರು (ಅಪೊಸ್ತಲರ ಕೃತ್ಯಗಳು 18:26). ತಪ್ಪು ಹೇಳುವ ಪ್ರತಿಯೊಬ್ಬರೂ ಕುರಿವೇಷ ಹಾಕಿದ ತೋಳವಲ್ಲ. ಸರಿಯಾದ ತರಬೇತಿಗೆ ಅವಕಾಶವೇ ದೊರೆಯದೆ ಹಗಲೆಲ್ಲ ದುಡಿದು ರಾತ್ರಿ ಸಭೆ ನಡೆಸುವ ಪ್ರಾಮಾಣಿಕ ಪಾಸ್ಟರುಗಳು ಪೀಣ್ಯ, ದಾಸರಹಳ್ಳಿಗಳ ಸಣ್ಣ ಹಾಲ್‌ಗಳಲ್ಲಿ ಅನೇಕರಿದ್ದಾರೆ.

ಹಾಗಾಗಿ ಭಾನುವಾರದ ಗಡಿಬಿಡಿಯಲ್ಲಿ ಅಲ್ಲ, ವಾರದ ನಡುವೆ ಸಮಯ ಕೇಳಿಕೊಂಡು ಹೋಗಿ. "ಅಯ್ಯನವರೇ, ನೀವು ಹೇಳಿದ ವಚನದ ಹಿಂದುಮುಂದನ್ನು ಮನೆಯಲ್ಲಿ ಓದಿದಾಗ ನನಗೊಂದು ಸಂಶಯ ಬಂತು, ತಿಳಿಸಿಕೊಡಬೇಕು" ಎಂದು ಸತ್ಯವೇದವನ್ನು ತೆರೆದು ಮುಂದಿಡಿ. ನೀವೇ ತಪ್ಪಿರಬಹುದು, ನನ್ನ ನೋಟ್‌ಬುಕ್‌ನಲ್ಲಿ ಹಾಗೆ ಹೊಡೆದುಹಾಕಿದ ಪುಟಗಳಿವೆ. ಉತ್ತರ ಸಮಾಧಾನ ಕೊಡದಿದ್ದರೆ ಮತ್ತಾಯ 18:16ರಂತೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅನಂತರ ಸಭಾಹಿರಿಯರಿಗೆ ಅಥವಾ ಸಭಾ ಸಮಿತಿಗೆ ಬರಹದಲ್ಲಿ ತಿಳಿಸಿ. ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕೆಂದು 1 ತಿಮೊಥೆಯ 5:19 ಕೇಳುತ್ತದೆ, ಆದರೆ ದೂರು ನಿಜವಾದರೆ ಎಲ್ಲರ ಮುಂದೆಯೇ ಗದರಿಸಬೇಕೆಂದು ಅದರ ಮುಂದಿನ ವಚನ ಹೇಳುತ್ತದೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಚರ್ಚೆ ಬೇಡವೇ ಬೇಡ.

ಪ್ರಶ್ನೆ ಕೇಳಿದ್ದಕ್ಕೆ ಶಾಪ ತಗಲುತ್ತದೆ, ಮಕ್ಕಳಿಗೆ ಕೇಡಾಗುತ್ತದೆ ಎಂದು ಹೆದರಿಸಿದರೆ ಆ ಸ್ಥಳವನ್ನು ಬಿಟ್ಟುಬನ್ನಿ. ಕ್ರಿಸ್ತನು ನಮಗೋಸ್ಕರ ಶಾಪವಾಗಿ ನಮ್ಮನ್ನು ಬಿಡಿಸಿದನೆಂದು ಗಲಾತ್ಯ 3:13ರಲ್ಲಿರುವಾಗ ಪಾಸ್ಟರರ ಶಾಪಕ್ಕೆ ನಾವು ಅಂಜಬೇಕಾಗಿಲ್ಲ. ಬಿಡುವಾಗ ಕಾರಣವನ್ನು ಒಂದು ಪುಟದಲ್ಲಿ ಬರೆದು ಕೊಟ್ಟು, ವಾಕ್ಯವನ್ನು ಅಧ್ಯಾಯದೊಂದಿಗೆ ಓದಿ ಬೋಧಿಸುವ ಸಭೆಯೊಂದನ್ನು ಬೇಗನೆ ಸೇರಿಕೊಳ್ಳಿ. ಒಂಟಿಯಾಗಿ ಮೊಬೈಲಿನ ಮುಂದೆ ಉಳಿದುಬಿಡಬೇಡಿ.

ಒಂಬತ್ತನೆಯ ಹೆಜ್ಜೆ: ಗಾಯಗೊಂಡು ಬಂದವರನ್ನು ಸೇರಿಸಿಕೊಳ್ಳಿ

ಸಂಶಯಪಡುವವರನ್ನು ಕರುಣಿಸಿರೆಂದು ಯೂದನು 22ನೆಯ ವಚನದಲ್ಲಿ ಬರೆದಿದ್ದಾನೆ. ಹಣ, ಆರೋಗ್ಯ, ನೆಂಟಸ್ತಿಕೆ ಕಳೆದುಕೊಂಡು ಹಿಂದಿರುಗಿದವರಿಗೆ ನಾನು ಆಗಲೇ ಹೇಳಿದ್ದೆನಲ್ಲ ಎಂಬ ಮಾತನ್ನು ಆಡಬೇಡಿ. ಮೊದಲು ಊಟ ಕೊಡಿ, ಡಾಕ್ಟರ ಬಳಿಗೆ ಕರೆದೊಯ್ಯಿರಿ, ಸಾಲದ ಕಾಗದಗಳನ್ನು ಕುಳಿತು ನೋಡಿ. ದೇವರ ಮೇಲೆಯೇ ಅವರಿಗೆ ಕೋಪವಿದ್ದರೆ ವಾದಿಸದೆ 13ನೆಯ ಕೀರ್ತನೆಯನ್ನು ಅವರೊಂದಿಗೆ ಓದಿ. ಎಷ್ಟರವರೆಗೆ ನನ್ನನ್ನು ಮರೆತಿರುವಿ ಎಂದು ದೇವರನ್ನು ಕೇಳುವುದಕ್ಕೆ ಸತ್ಯವೇದವೇ ಅಲ್ಲಿ ಮಾತು ಕೊಡುತ್ತದೆ. ಅವರನ್ನು ಮೋಸಗೊಳಿಸಿದ ವಚನವನ್ನು ತೆರೆಯಲು ಆತುರಪಡಬೇಡಿ, ಅವರಾಗಿಯೇ ಕೇಳುವವರೆಗೆ ತಿಂಗಳುಗಳಾದರೂ ಕಾಯಿರಿ.

ಚಿಕ್ಕಮ್ಮ ಕೇಳಿದ್ದು ಆಸ್ಪತ್ರೆಯಿಂದ ಬಂದ ಎಷ್ಟೋ ವಾರಗಳ ನಂತರ, ಒಂದು ಬುಧವಾರ ಎಲ್ಲರೂ ಹೊರಟುಹೋದ ಮೇಲೆ. ನಾನು 2 ತಿಮೊಥೆಯ 4:20ನ್ನು ತೆರೆದು ಕೊಟ್ಟೆ: ತನ್ನ ಜೊತೆ ಸೇವಕನಾದ ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆನೆಂದು ಪೌಲನು ತನ್ನ ಕೊನೆಯ ಪತ್ರದಲ್ಲಿ ಬರೆದ ಒಂದು ಸಣ್ಣ ಸಾಲು ಅದು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಎರಡು ಸಾರಿ ಓದಿದರು. "ಪೌಲನೇ ಬಿಟ್ಟುಬಂದನೇ? ಅವನಿಗೆ ವಿಶ್ವಾಸ ಇಲ್ಲವೆಂದು ಬೈಯಲಿಲ್ಲವೇ?" ಎಂದು ಕೇಳಿದರು. ಇಲ್ಲ ಚಿಕ್ಕಮ್ಮ, ಬೈಯಲಿಲ್ಲ ಎಂದೆ. ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು, ನೀರು ಕೇಳಿ, ರಾತ್ರಿಯ ಮಾತ್ರೆಯನ್ನು ನನ್ನೆದುರಿಗೇ ನುಂಗಿದರು.